ಮಂಡಿಚಿಪ್ಪಿನಿಂದ ವೆಸಾಲಿಯಸ್‌ವರೆಗೆ

ವಾಲಿಬಾಲ್ ಆಡ್ತಾ ನಮ್ಮ ರೂಮ್‌ಮೇಟ್ ಮಂಡಿ ತಿರುಚಿಕೊಂಡ. ಎಂಆರ್‌ಐ ರಿಪೋರ್ಟ್ ಕೈಗೆ ಬಂದಾಗ ನಾವು ನಾಲ್ಕು ಜನ ಮಂಚದ ಮೇಲೆ ಕೂತು ಒಂದೊಂದೇ ಪದ ಹುಡುಕಿದ್ವಿ. ಪಟೆಲ್ಲಾ ಅಂದ್ರೆ ಲ್ಯಾಟಿನ್‌ನಲ್ಲಿ ಪುಟ್ಟ ತಟ್ಟೆ. ಟಿಬಿಯಾ ಅಂದ್ರೆ ಕೊಳಲು, ಫಿಬುಲಾ ಅಂದ್ರೆ ಬಟ್ಟೆಗೆ ಚುಚ್ಚೋ ಪಿನ್ನು. ಮೆನಿಸ್ಕಸ್ ಮಾತ್ರ ಗ್ರೀಕಿನದು, ಬಾಲಚಂದ್ರ. ಹೆದರಿಸಿದ ಹೆಸರುಗಳೆಲ್ಲ ಮನೆ ಸಾಮಾನು! ಹೀಗೆ ಹುಡುಕುವಾಗ ಸಿಕ್ಕಿದವನು ಆಂಡ್ರಿಯಾಸ್ ವೆಸಾಲಿಯಸ್.

ಹುಟ್ಟಿದ್ದು 1514ರಲ್ಲಿ, ಬ್ರಸೆಲ್ಸ್‌ನಲ್ಲಿ. ಅಪ್ಪ ಚಕ್ರವರ್ತಿಯ ಆಸ್ಥಾನದಲ್ಲಿ ಔಷಧಿ ತಯಾರಿಸುವವನು. ಮಗ ಪ್ಯಾರಿಸ್‌ಗೆ ಹೋಗಿ ಸಿಲ್ವಿಯಸ್ ಎಂಬ ಮೇಷ್ಟ್ರ ಹತ್ತಿರ ವೈದ್ಯ ಓದಿದ. ಆಗಿನ ಟೆಕ್ಸ್ಟ್‌ಬುಕ್ ಅಂದ್ರೆ ಗ್ಯಾಲೆನ್. ಬರೆದು ಸುಮಾರು 1300 ವರ್ಷ ಆಗಿತ್ತು, ಸಿಲಬಸ್ ಬದಲಾಗಿರಲಿಲ್ಲ. ಪ್ರೊಫೆಸರ್ ಎತ್ತರದ ಕುರ್ಚಿಯಲ್ಲಿ ಕೂತು ಪುಸ್ತಕ ಓದೋದು, ಕೆಳಗೆ ಕ್ಷೌರಿಕ ಹೆಣ ಕೊಯ್ಯೋದು. ಪುಸ್ತಕದಲ್ಲಿರೋದು ಹೆಣದಲ್ಲಿ ಕಾಣದಿದ್ರೂ ಯಾರೂ ಕೇಳ್ತಿರಲಿಲ್ಲ. (ನಮ್ಮ ಕೆಲವು ಲ್ಯಾಬ್‌ಗಳು ನೆನಪಾದರೆ ನಾವು ಜವಾಬ್ದಾರರಲ್ಲ.)

ಇವನಿಗೆ ಮೂಳೆಯ ಹುಚ್ಚು. ಲೂವೆನ್ ಊರಾಚೆ ಗಲ್ಲುಗಂಬದಲ್ಲಿ ನೇತಾಡ್ತಿದ್ದ ಅಸ್ಥಿಪಂಜರವನ್ನು ಕದ್ದು, ಬಿಡಿಬಿಡಿಯಾಗಿ ಮನೆಗೆ ಸಾಗಿಸಿ ಜೋಡಿಸಿದ. 1537ರಲ್ಲಿ, 23 ತುಂಬುವ ಮೊದಲೇ, ಪಡುವಾದಲ್ಲಿ ಪಾಠ ಹೇಳೋ ಕೆಲಸ ಸಿಕ್ಕಿತು. ಅಲ್ಲಿ ಕುರ್ಚಿ ಬಿಟ್ಟಿಳಿದು ತಾನೇ ಚಾಕು ಹಿಡಿದ. ಆಗ ಗೊತ್ತಾಯ್ತು, ಗ್ಯಾಲೆನ್ ಕೊಯ್ದಿದ್ದು ಮಂಗ, ಹಂದಿಗಳನ್ನೇ ಹೊರತು ಮನುಷ್ಯರನ್ನಲ್ಲ. ಕೆಳದವಡೆ ಎರಡು ಮೂಳೆ ಅಂತ ಅವನು ಬರೆದಿದ್ದ, ಇರೋದು ಒಂದೇ.

1543ರಲ್ಲಿ ಬಾಸೆಲ್‌ನಲ್ಲಿ ಇವನ ದೊಡ್ಡ ಪುಸ್ತಕ 'ಫ್ಯಾಬ್ರಿಕಾ' ಅಚ್ಚಾಯಿತು. ವಯಸ್ಸು 28. ಸಿಲ್ವಿಯಸ್ ಕೆಂಡವಾದ. ಶಿಷ್ಯನ ಹೆಸರನ್ನೇ ತಿರುಚಿ, ಹುಚ್ಚ ಅನ್ನೋ ಅರ್ಥ ಬರುವ ಹಾಗೆ ಬರೆದ. ಗ್ಯಾಲೆನ್ ತಪ್ಪಿಲ್ಲ, ಮನುಷ್ಯರೇ ಬದಲಾಗಿದ್ದಾರೆ ಅಂತ ವಾದ ಬೇರೆ. ತೊಡೆಮೂಳೆ ಗ್ಯಾಲೆನ್ ಹೇಳಿದಷ್ಟು ಬಾಗಿಲ್ಲವಲ್ಲ ಅಂದ್ರೆ, ಈಗಿನವರು ಬಿಗಿ ಪ್ಯಾಂಟ್ ಹಾಕಿ ನೆಟ್ಟಗಾಗಿದೆ ಅಂದನಂತೆ. ಆದರೆ ಒಂದು ವಿಷಯ ಒಪ್ಪಲೇಬೇಕು. ವೆಸಾಲಿಯಸ್ ಸ್ನಾಯುಗಳಿಗೆ ನಂಬರ್ ಹಾಕಿ ಸುಮ್ಮನಾಗಿದ್ದ. ನಂಬರ್ ಬದಲು ಹೆಸರಿಡೋ ಪದ್ಧತಿ ಬೆಳೆಸಿದ್ದು ಅದೇ ಸಿಲ್ವಿಯಸ್. ಉಳಿದದ್ದು ಹೆಸರುಗಳೇ.

ಬೈಗುಳ ವೆಸಾಲಿಯಸ್‌ನನ್ನು ತಟ್ಟದೇ ಇರಲಿಲ್ಲ. ಕೆಲಸ ಬಿಟ್ಟು, ತನ್ನ ಟಿಪ್ಪಣಿಗಳನ್ನ ಬೆಂಕಿಗೆ ಹಾಕಿ, ಚಕ್ರವರ್ತಿ ಐದನೇ ಚಾರ್ಲ್ಸ್‌ನ ವೈದ್ಯನಾದ. ನಮಗೆ ಬೇಜಾರಾಗಿದ್ದು ಇಲ್ಲೇ. 1555ರಲ್ಲಿ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದ, ನಿಜ. ಸುಟ್ಟಿದ್ದರಲ್ಲಿ ಏನೇನಿತ್ತೋ.

1564ರಲ್ಲಿ ಜೆರುಸಲೇಮ್ ಯಾತ್ರೆಯಿಂದ ವಾಪಸ್ ಬರ್ತಾ ಗ್ರೀಸ್‌ನ ಜಾಕಿಂತೋಸ್ ದ್ವೀಪದಲ್ಲಿ ತೀರಿಕೊಂಡ. 50 ತುಂಬಿರಲಿಲ್ಲ.