ಬಾವಾ ಗೋರ್: ಅಕೀಕ್ ವ್ಯಾಪಾರಿ ಸಂತನಾದ ಕಥೆ

ಮುರಗೋಡ: ಕಿತ್ತೂರು ನಾಡಿನಲ್ಲಿ ಸಿದ್ದಿಗಳೆಂದರೆ ಮೊದಲು ನೆನಪಾಗುವವನು ಸಂಗೊಳ್ಳಿ ರಾಯಣ್ಣನ ಸಂಗಡಿಗ ಗಜವೀರ. ಗುಜರಾತಿನ ಸಿದ್ದಿಗಳು ತಮ್ಮ ಹಿರಿಯನೆಂದು ನಂಬಿರುವ ಬಾವಾ ಗೋರ್ ಹೆಸರಾದದ್ದು ಮಾತ್ರ ಅಕೀಕ್ ಕಲ್ಲಿನ ವ್ಯಾಪಾರಿಯಾಗಿ, ದೆವ್ವ ಬಿಡಿಸುವ ಸಂತನಾಗಿ.

ಅವರ ಮೂಲ ಹೆಸರು ಸಿದಿ ಮುಬಾರಕ್ ನೋಬಿ. ಅಬಿಸೀನಿಯಾದಿಂದ ಹೊರಟು, ರಿಫಾಯಿ ಸೂಫಿ ಪಂಥದ ದೀಕ್ಷೆ ಪಡೆದು, ಗುರುವಿನ ಆಣತಿಯಂತೆ ಗುಜರಾತಿಗೆ ಬಂದರೆಂಬುದು ಪರಂಪರೆಯ ಮಾತು. ನೆಲೆಸಿದ್ದು ಇಂದಿನ ಭರೂಚ್ ಜಿಲ್ಲೆಯ ರತನ್‌ಪುರದ ಗುಡ್ಡದಲ್ಲಿ. ಆ ಸೀಮೆಯ ನೆಲದಲ್ಲಿ ಅಕೀಕ್ ಹೇರಳ. ಮಂಕು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಕೆಂಪೇರಿಸುವ ವಿದ್ಯೆಯೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ. ಖಂಭಾತ್ ಬಂದರಿನಿಂದ ಈ ಮಣಿಗಳು ಅರಬ್ ನಾಡಿಗೂ ಪೂರ್ವ ಆಫ್ರಿಕಕ್ಕೂ ಹೋಗುತ್ತಿದ್ದವು. ಅದೇ ಕಡಲ ಹಾದಿಯಲ್ಲಿ ಆಫ್ರಿಕದ ಜನರೂ, ಬಹುಪಾಲು ಗುಲಾಮರಾಗಿ, ಇತ್ತ ಬಂದರು.

ಗುಡ್ಡದಲ್ಲಿ ಮಖನ್ ದೇವಿ ಎಂಬ ಮಾಯಾವಿನಿಯ ಕಾಟವಿತ್ತಂತೆ. ಹೆಣ್ಣಿನ ರೂಪದ ಆ ಶಕ್ತಿಯನ್ನು ಮಣಿಸಲು ಬಾವಾ ಗೋರ್ ಅವರಿಂದಾಗಲಿಲ್ಲ, ಸೋದರ ಬಾವಾ ಹಬಶ್ ಅವರಿಂದಲೂ ಆಗಲಿಲ್ಲ. ಕೊನೆಗೆ ಸೋದರಿ ಮಾಯಿ ಮಿಸ್ರಾ ಬಂದು ಅದನ್ನು ನೆಲದೊಳಗೆ ತುಳಿದರು. ಸಂತರ ಕಥೆಗಳಲ್ಲಿ ಸೋದರಿಗೆ ಇಷ್ಟು ದೊಡ್ಡ ಪಾಲು ಸಿಗುವುದು ಅಪರೂಪ. ಇಂದಿಗೂ ಸಂತಾನ ಬೇಡುವ ಹೆಂಗಸರು ಹರಕೆ ಹೊರುವುದು ಮಾಯಿ ಮಿಸ್ರಾ ಅವರಿಗೇ.

ಬಾವಾ ಗೋರ್ ಸಮಾಧಿಯಾದ ರತನ್‌ಪುರಕ್ಕೆ ಮೈಮೇಲೆ ದೆವ್ವ ಬಂದವರನ್ನು ಕರೆತರುವ ರೂಢಿ ಇದೆ. ಸಂತನ ಸನ್ನಿಧಿಯಲ್ಲಿ ರೋಗಿ ಆವೇಶಕ್ಕೊಳಗಾಗಿ ಕೂಗಾಡುವುದಕ್ಕೆ ಹಾಜರಿ ಎನ್ನುತ್ತಾರೆ. ಕಾಡುವ ಶಕ್ತಿ ಸಂತನ ನ್ಯಾಯಪೀಠದ ಮುಂದೆ ಹಾಜರಾಗಿದೆ, ವಿಚಾರಣೆ ಎದುರಿಸುತ್ತಿದೆ ಎಂಬ ಅರ್ಥದಲ್ಲಿ.

ಸಿದ್ದಿಗಳ ಧಮಾಲ್ ಅಥವಾ ಗೋಮಾ ಕುಣಿತವೂ ಸಂತನ ಸೇವೆಯೇ. ಗೋಮಾ ಎಂಬ ಮಾತಿನ ಬೇರು ಆಫ್ರಿಕದ ಬಂಟು ಭಾಷೆಗಳ ಎನ್‌ಗೋಮಾ; ಅಲ್ಲಿ ಅದು ಡೋಲೂ ಹೌದು, ಕುಣಿತವೂ ಹೌದು, ರೋಗ ಕಳೆಯುವ ವಿಧಿಯೂ ಹೌದು. ಮುಗರ್ಮಾನ್ ಎಂಬ ದೊಡ್ಡ ಡೋಲು, ಬಿಲ್ಲಿನಾಕಾರದ ಮಲುಂಗಾ, ತೆಂಗಿನ ಚಿಪ್ಪಿನ ಗಿಲಕಿ. ಇವುಗಳ ನಡುವೆ ಅಲ್ಲಾಹು, ಪ್ರವಾದಿ ಮತ್ತು ಬಾವಾ ಗೋರ್ ಸ್ಮರಣೆಯ ಹಾಡು. ಲಯ ಏರಿದಂತೆ ಸಂತನೇ ಕುಣಿಯುವವರ ಮೈದುಂಬುತ್ತಾನೆಂಬ ನಂಬಿಕೆ. ಗಿಲಕಿಗೂ ಮಾಯಿ ಮಿಸ್ರಾ ಎಂದೇ ಹೆಸರು.

ಊರಿನಲ್ಲಿ ಕೀಳಾಗಿ ಕಾಣುವ ಸಿದ್ದಿಯ ಮುಂದೆ ಗುಡ್ಡದ ಮೇಲೆ ಹಿಂದೂ, ಮುಸ್ಲಿಂ, ಪಾರ್ಸಿ ಭಕ್ತರು ತಲೆಬಾಗುತ್ತಾರೆ. ಗುಲಾಮಗಿರಿಯ ನೆನಪು ಹೊತ್ತ ಜನಕ್ಕೆ ಬಾವಾ ಗೋರ್ ಕೊಟ್ಟದ್ದು ಈ ಅಧಿಕಾರ. ಪವಾಡಗಳ ಮಾತು ಹಾಗಿರಲಿ, ಇದಂತೂ ಸಣ್ಣದಲ್ಲ.

ನಮ್ಮ ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡಂಚಿನ ಸಿದ್ದಿಗಳ ಹಾದಿ ಬೇರೆ. ಅವರ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದವರು. ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳಿದ್ದಾರೆ. ಇವರ ವಾದ್ಯ ದಮಾಮ್, ನಡೆದುಕೊಳ್ಳುವುದು ಹಿರಿಯರಿಗೆ. ಮನೆಯ ಹಿರಿಯರ ಹೆಸರಿನಲ್ಲಿ ತೆಂಗಿನಕಾಯಿ ಇಟ್ಟು ಪೂಜಿಸುವ ಪದ್ಧತಿ ಈಗಲೂ ಉಳಿದಿದೆ.