ಹಾವಿನ ವಿಷಕ್ಕೆ ಮದ್ದು ತಂದ ವೈದ್ಯ ಆಲ್ಬರ್ಟ್ ಕಾಲ್ಮೆಟ್

ನಮ್ಮಲ್ಲಿ ಹೆಚ್ಚಿನವರ ಎಡತೋಳಿನ ಮೇಲೆ ಒಂದು ಸಣ್ಣ ಗುಂಡಗಿನ ಕಲೆ ಇದೆ. ನಾವು ಹುಟ್ಟಿದಾಗ ಕ್ಷಯರೋಗ ಬಾರದಿರಲೆಂದು ಹಾಕಿದ ಬಿಸಿಜಿ ಲಸಿಕೆಯ ಗುರುತು ಅದು. ಬಿಸಿಜಿ ಎಂಬ ಮೂರು ಅಕ್ಷರಗಳಲ್ಲಿ ನಡುವಿನ ಅಕ್ಷರ ಒಬ್ಬ ವೈದ್ಯರ ಹೆಸರಿನದು. ಅವರೇ ಫ್ರಾನ್ಸ್ ದೇಶದ ಆಲ್ಬರ್ಟ್ ಕಾಲ್ಮೆಟ್. ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್‌ನ ಹಿಂದೆಯೂ ಅವರೇ ಇದ್ದಾರೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆಯಬೇಕೆಂದಾಗ ನಾನು ಇವರನ್ನೇ ಆರಿಸಿಕೊಂಡೆ. ಏಕೆ ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ವಿಷದ ಕೇಸುಗಳು ಹಲವು ಬಗೆಯಲ್ಲಿ ಬರುತ್ತವೆ. ಬೆಳೆಗೆ ಹೊಡೆಯುವ ಕೀಟನಾಶಕ ದೇಹ ಸೇರಿದವರು, ಮಾತ್ರೆಗಳನ್ನು ಮಿತಿ ಮೀರಿ ನುಂಗಿದವರು, ಕಳ್ಳಭಟ್ಟಿ ಕುಡಿದವರು ಬರುತ್ತಾರೆ. ನಮ್ಮಂಥ ಕೃಷಿ ಜಿಲ್ಲೆಯಲ್ಲಿ ಹಾವು ಕಚ್ಚಿದವರೂ ಬರುತ್ತಾರೆ. ಇವೆಲ್ಲದರಲ್ಲೂ ಒಂದು ಮಾತು ಸಮಾನ. ಯಾವ ವಿಷ ಎಂದು ಗೊತ್ತಾಗಬೇಕು, ಅದಕ್ಕೆ ಸರಿಯಾದ ಮದ್ದು ಇರಬೇಕು, ಅದು ಹೊತ್ತಿಗೆ ಸರಿಯಾಗಿ ಸಿಗಬೇಕು. ಕಾಲ್ಮೆಟ್ ಅವರ ಬದುಕು ಈ ಮೂರನ್ನೂ ನಮಗೆ ಕಲಿಸುತ್ತದೆ.

ಆಲ್ಬರ್ಟ್ ಕಾಲ್ಮೆಟ್ 1863ರ ಜುಲೈ 12ರಂದು ಫ್ರಾನ್ಸಿನ ನೀಸ್ ಎಂಬ ಸಮುದ್ರ ತೀರದ ಊರಿನಲ್ಲಿ ಹುಟ್ಟಿದರು. ಓದಿದ್ದು ನೌಕಾಪಡೆಯ ವೈದ್ಯಕೀಯ ಶಾಲೆಯಲ್ಲಿ. ಇಪ್ಪತ್ತನೆಯ ವಯಸ್ಸಿಗೆ ಹಡಗು ಹತ್ತಿ ಹಾಂಗ್‌ಕಾಂಗ್ ಕಡೆಗೆ ಹೋದರು. ಆನೆಕಾಲು ರೋಗವನ್ನು ಅಭ್ಯಾಸ ಮಾಡಿ ಅದರ ಮೇಲೆಯೇ ಪ್ರಬಂಧ ಬರೆದು 1886ರಲ್ಲಿ ಡಾಕ್ಟರ್ ಪದವಿ ಪಡೆದರು. ಆಮೇಲೆ ಆಫ್ರಿಕಾದ ಗಬಾನ್ ಮತ್ತು ಕಾಂಗೋ, ಅಲ್ಲಿಂದ ಉತ್ತರ ಅಮೆರಿಕದ ಬಳಿಯ ಚಳಿಯ ದ್ವೀಪಗಳು, ಹೀಗೆ ಹಲವು ಕಡೆ ಸೇವೆ ಮಾಡಿದರು. 1890ರಲ್ಲಿ ಪ್ಯಾರಿಸ್‌ಗೆ ಬಂದಾಗ ಲೂಯಿ ಪಾಶ್ಚರ್ ಮತ್ತು ಎಮಿಲ್ ರೂ ಅವರ ಪರಿಚಯವಾಯಿತು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಆ ಪಾಶ್ಚರ್ ಅವರ ಹೆಸರು ನಮಗೆಲ್ಲ ಗೊತ್ತು. ಮರುವರ್ಷವೇ ಕಾಲ್ಮೆಟ್ ಅವರನ್ನು ಇಂದಿನ ವಿಯೆಟ್ನಾಂನ ಸೈಗಾನ್ ನಗರಕ್ಕೆ ಕಳುಹಿಸಿ, ಅಲ್ಲಿ ಪಾಶ್ಚರ್ ಸಂಸ್ಥೆಯ ಶಾಖೆ ತೆರೆಯುವ ಕೆಲಸ ಒಪ್ಪಿಸಲಾಯಿತು. ಆಗ ಅವರಿಗೆ ಸುಮಾರು 28 ವರ್ಷ.

ಅವರು ಹೋಗಿದ್ದು ಸಿಡುಬು ಮತ್ತು ಹುಚ್ಚುನಾಯಿ ಕಡಿತದ ಲಸಿಕೆ ತಯಾರಿಸಲು. ಆದರೆ 1891ರ ಮಳೆಗಾಲದಲ್ಲಿ ದಕ್ಷಿಣದ ಬಾಕ್ ಲಿಯು ಎಂಬ ಊರಿನ ಬಳಿ ನೆರೆ ಬಂತು. ಬಿಲಗಳಲ್ಲಿ ನೀರು ತುಂಬಿ ನಾಗರಹಾವುಗಳು ಮನೆಗಳಿಗೆ ನುಗ್ಗಿದವು. 40 ಜನರಿಗೆ ಕಚ್ಚಿದವು, ನಾಲ್ವರು ತೀರಿಕೊಂಡರು. ಆ ಊರಿನ ಒಬ್ಬ ಹಾವಾಡಿಗ 19 ಹಾವುಗಳನ್ನು ಜೀವಂತ ಹಿಡಿದ. ಅವುಗಳನ್ನು ಪೀಪಾಯಿಗೆ ತುಂಬಿ ಕಾಲ್ಮೆಟ್ ಅವರ ಬಳಿಗೆ ಕಳುಹಿಸಲಾಯಿತು. ಆ ಹಾವಾಡಿಗನ ಹೆಸರು ಪುಸ್ತಕಗಳಲ್ಲಿ ಸಿಗುವುದಿಲ್ಲ. ಆದರೆ ಈ ಕಥೆ ಶುರುವಾಗಿದ್ದು ಅವನ ಕೈಯಿಂದಲೇ.

ಅದಕ್ಕೆ ಒಂದು ವರ್ಷ ಮೊದಲು ಬೆಹ್ರಿಂಗ್ ಮತ್ತು ಕಿತಾಸಾಟೊ ಎಂಬ ವಿಜ್ಞಾನಿಗಳು ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿಷಕ್ಕೆ ಪ್ರಾಣಿಯ ರಕ್ತದಲ್ಲೇ ಪ್ರತಿವಿಷ ಹುಟ್ಟುತ್ತದೆ ಎಂದು ತೋರಿಸಿದ್ದರು. ಹಾವಿನ ವಿಷಕ್ಕೂ ಹಾಗೆಯೇ ಆಗಬಹುದಲ್ಲವೇ ಎಂದು ಕಾಲ್ಮೆಟ್ ಯೋಚಿಸಿದರು. ಪ್ರಾಣಿಗೆ ಮೊದಲು ಬಹಳ ಕಡಿಮೆ ವಿಷ ಕೊಡುವುದು, ಅದು ತಾಳಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುವುದು, ಇದು ಅವರ ವಿಧಾನ. ತಿಂಗಳುಗಳು ಕಳೆದ ಮೇಲೆ ಆ ಪ್ರಾಣಿ ಸಾಯುವಷ್ಟು ವಿಷ ಕೊಟ್ಟರೂ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ತುಂಬಿರುತ್ತವೆ. ಆ ರಕ್ತದಿಂದ ತಿಳಿದ್ರವವನ್ನು, ಅಂದರೆ ಸೀರಮ್ ಅನ್ನು, ಬೇರ್ಪಡಿಸಿ ಹಾವು ಕಚ್ಚಿದ ಮನುಷ್ಯನಿಗೆ ಕೊಟ್ಟರೆ ಅದು ಅವನ ಮೈಯಲ್ಲೂ ಅದೇ ಕೆಲಸ ಮಾಡುತ್ತದೆ.

ಸೈಗಾನ್‌ನಲ್ಲಿ ಆಮಶಂಕೆಯಿಂದ ಆರೋಗ್ಯ ಕೆಟ್ಟು ಕಾಲ್ಮೆಟ್ 1893ರಲ್ಲಿ ಊರಿಗೆ ಮರಳಬೇಕಾಯಿತು. ಪ್ಯಾರಿಸ್‌ನಲ್ಲಿ ಕೆಲಸ ಮುಂದುವರಿಸಿ 1894ರ ಫೆಬ್ರವರಿಯಲ್ಲಿ ಫಲಿತಾಂಶ ಮಂಡಿಸಿದರು. ಅದೇ ದಿನ, ಅದೇ ಸಭೆಯಲ್ಲಿ ಫಿಸಾಲಿ ಮತ್ತು ಬರ್ಟ್ರಾಂಡ್ ಎಂಬ ಇನ್ನಿಬ್ಬರೂ ಬೇರೆ ಹಾವಿನ ವಿಷದ ಮೇಲೆ ಇಂಥದೇ ಫಲಿತಾಂಶ ಮಂಡಿಸಿದರು. ಆದ್ದರಿಂದ ಈ ಕೀರ್ತಿ ಮೂವರಿಗೂ ಸೇರಬೇಕು. ಆದರೆ ಕುದುರೆಗಳನ್ನು ಸಾಕಿ, ಸೀರಮ್ ತಯಾರಿಸಿ, ದೂರ ದೇಶಗಳ ಆಸ್ಪತ್ರೆಗಳಿಗೆ ಮುಟ್ಟುವಂತೆ ಮಾಡಿದವರು ಕಾಲ್ಮೆಟ್. 1895ರಿಂದ ಲಿಲ್ ನಗರದ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾಗಿ ಆ ಕೆಲಸ ನಡೆಸಿದರು.

ಇಲ್ಲಿ ಅವರು ಒಂದು ವಿಷಯದಲ್ಲಿ ಎಡವಿದರು. ನಾಗರಹಾವಿನ ವಿಷದಿಂದ ಮಾಡಿದ ತಮ್ಮ ಸೀರಮ್ ಎಲ್ಲ ಹಾವುಗಳ ಕಡಿತಕ್ಕೂ ಸಾಕಾಗುತ್ತದೆ ಎಂದು ಅವರು ನಂಬಿದ್ದರು. ಆಸ್ಟ್ರೇಲಿಯಾದಲ್ಲಿ ಮಾರ್ಟಿನ್, ಬ್ರೆಜಿಲ್‌ನಲ್ಲಿ ವಿಟಾಲ್ ಬ್ರೆಜಿಲ್ ಎಂಬ ವೈದ್ಯರು ಅದನ್ನು ಪರೀಕ್ಷಿಸಿ ಒಪ್ಪಲಿಲ್ಲ. ನಮ್ಮ ದೇಶದಲ್ಲಿ ಬಾಂಬೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಅವರು ಆ ಸೀರಮ್ ಕೊಳಕುಮಂಡಲದ ವಿಷಕ್ಕೆ ಕೆಲಸಕ್ಕೆ ಬಾರದು ಎಂದು ತೋರಿಸಿದರು. ಕಾರಣ ಸರಳ. ನಾಗರಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕಿಡ್ನಿಯನ್ನು ಕೆಡಿಸುತ್ತದೆ. ಒಂದು ಬೀಗದ ಕೀಲಿ ಇನ್ನೊಂದು ಬೀಗಕ್ಕೆ ಹತ್ತುವುದಿಲ್ಲ. ಆದ್ದರಿಂದಲೇ ಇಂದು ಭಾರತದಲ್ಲಿ ಸಿಗುವ ಪ್ರತಿವಿಷವನ್ನು ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈಚೆಗೆ ತೋರಿಸಿದ್ದಾರೆ. ಅಂದರೆ ಆ ಹಳೆಯ ಪ್ರಶ್ನೆ ಇನ್ನೂ ಮುಗಿದಿಲ್ಲ.

ವಾಣಿಜ್ಯದವಳಾದ್ದರಿಂದ ಇದರಲ್ಲಿ ಒಂದು ಲೆಕ್ಕ ನನಗೆ ಬಹಳ ಹಿಡಿಸಿತು. ಒಂದು ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಎಂದು ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. 10 ಮಿಲಿಲೀಟರಿನ ಒಂದು ಬಾಟಲಿ ಪ್ರತಿವಿಷ ಸುಮಾರು 6 ಮಿಲಿಗ್ರಾಂ ವಿಷವನ್ನು ತಟಸ್ಥ ಮಾಡುತ್ತದೆ. ಹಾಗಾಗಿ ಮೊದಲ ಸುತ್ತಿಗೇ 8ರಿಂದ 10 ಬಾಟಲಿ ಬೇಕು. ಇನ್ನೂ ಒಂದು ಮಾತು. ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಬೇರೆ ಔಷಧಿಗಳಂತೆ ಮಗುವಿಗೆ ಅರ್ಧ ಕೊಡುವಂತಿಲ್ಲ, ಏಕೆಂದರೆ ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲ. ವಿಷ ಎಷ್ಟೋ ಮದ್ದು ಅಷ್ಟು. ಖರ್ಚು ಮತ್ತು ಜಮೆ ಸರಿಹೊಂದಲೇಬೇಕು.

ನಾನು ಇವರ ಜೀವನವನ್ನು ಆರಿಸಿಕೊಂಡ ಕಾರಣ ಈಗ ಹೇಳುತ್ತೇನೆ. ನಾವಿರುವುದು ಸದಾಶಿವನಗರದಲ್ಲಿ. ಆದರೆ ನನ್ನ ನಾನಿಯ ಮನೆ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಎರಡು ವರ್ಷದ ಹಿಂದೆ ನನ್ನ ಮಾಮು ಸಂಜೆ ಹೊತ್ತು ಮೆದೆಯಿಂದ ರಾಗಿ ಹುಲ್ಲು ಎಳೆಯುವಾಗ ಕೊಳಕುಮಂಡಲ ಕೈಗೆ ಕಚ್ಚಿತು. ಅಕ್ಕಪಕ್ಕದವರು ತೋಳಿಗೆ ಟವೆಲ್ ಬಿಗಿದರು. ಮೊದಲು ಒಬ್ಬರ ಹತ್ತಿರ ದಮ್ ಮಾಡಿಸಲು ಕರೆದುಕೊಂಡು ಹೋದರು. ಆಮೇಲೆ ಪಕ್ಕದ ಊರಿನಲ್ಲಿ ನಾಟಿ ಔಷಧಿ ಕುಡಿಸಿದರು. ಹೀಗೆ ಮೂರು ಗಂಟೆ ಹೋಯಿತು. ಆಸ್ಪತ್ರೆ ಸೇರಿದಾಗ ಅವರ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟರು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಮಾಮು ಅವರ ರಕ್ತ ನೀರಿನಂತೆಯೇ ಇತ್ತು. ಕೂಡಲೇ ಪ್ರತಿವಿಷ ಹಾಕಿದರು. ಅಲ್ಲಾಹನ ಕೃಪೆಯಿಂದ ಅವರು ಬದುಕಿದರು. ಆದರೆ ಅಷ್ಟರಲ್ಲಿ ವಿಷ ಕಿಡ್ನಿಗೆ ತಲುಪಿತ್ತು. ಹಲವು ಬಾರಿ ಡಯಾಲಿಸಿಸ್ ಆಯಿತು. ಮಾಮಿಯ ಬಳೆಗಳು ಅಡವಿಗೆ ಹೋದವು. ನಾನಿ ಇವತ್ತಿಗೂ ಆ ಮೂರು ಗಂಟೆಯ ಮಾತು ಬಂದರೆ ಸುಮ್ಮನಾಗುತ್ತಾರೆ. ದುಆ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಅದನ್ನು ಆಂಬ್ಯುಲೆನ್ಸ್‌ನಲ್ಲಿ ಕುಳಿತೂ ಮಾಡಬಹುದು ಎಂಬುದಷ್ಟೇ ನನ್ನ ಮಾತು.

ಈಗ ಕಾಲ್ಮೆಟ್ ಅವರ ಬದುಕಿನ ಎರಡನೆಯ ಭಾಗಕ್ಕೆ ಬರೋಣ. ಲಿಲ್ ನಗರ ಗಿರಣಿ ಕಾರ್ಮಿಕರ ಊರು. ಅಲ್ಲಿ ಕ್ಷಯರೋಗ ಮನೆಮನೆಯಲ್ಲಿತ್ತು. 1901ರಲ್ಲಿ ಅವರು ಬಡವರಿಗಾಗಿ ಕ್ಷಯರೋಗದ ಚಿಕಿತ್ಸಾಲಯ ತೆರೆದರು. ಪಶುವೈದ್ಯ ಕಾಮಿಲ್ ಗೆರಾನ್ ಅವರ ಜೊತೆ ಸೇರಿ 1908ರಿಂದ ಹಸುವಿನ ಕ್ಷಯರೋಗಾಣುವನ್ನು ಗ್ಲಿಸರಿನ್, ಪಿತ್ತರಸ ಮತ್ತು ಆಲೂಗಡ್ಡೆಯ ಮೇಲೆ ಬೆಳೆಸುತ್ತಾ ಹೋದರು. ಸುಮಾರು ಮೂರು ವಾರಕ್ಕೊಮ್ಮೆ ಹೊಸ ಆಲೂಗಡ್ಡೆಗೆ ಬದಲಾಯಿಸಬೇಕು. ಹೀಗೆ 13 ವರ್ಷಗಳಲ್ಲಿ 230 ಬಾರಿ ಮಾಡಿದ ಮೇಲೆ ಆ ರೋಗಾಣು ರೋಗ ತರುವ ಶಕ್ತಿ ಕಳೆದುಕೊಂಡಿತು.

ಆ 13 ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. 1914ರ ಮಾರ್ಚ್‌ನಲ್ಲಿ ಪತ್ರಿಕೆಯ ಸಂಪಾದಕರಾಗಿದ್ದ ಅವರ ಅಣ್ಣ ಗ್ಯಾಸ್ಟನ್ ಅವರನ್ನು ಒಬ್ಬ ಮಂತ್ರಿಯ ಹೆಂಡತಿ ಗುಂಡಿಟ್ಟು ಕೊಂದಳು. ಅದೇ ವರ್ಷ ಮೊದಲನೆಯ ಮಹಾಯುದ್ಧ ಶುರುವಾಗಿ ಲಿಲ್ ನಗರ ಜರ್ಮನ್ ಸೈನ್ಯದ ಕೈಗೆ ಹೋಯಿತು. ಅವರ ಪತ್ನಿಯನ್ನು ಒತ್ತೆಯಾಳಾಗಿ ಜರ್ಮನಿಗೆ ಒಯ್ದರು. ಇಷ್ಟಾದರೂ ಮೂರು ವಾರಕ್ಕೊಮ್ಮೆ ಆಲೂಗಡ್ಡೆ ಬದಲಾಯಿಸುವ ಕೆಲಸ ನಿಲ್ಲಲಿಲ್ಲ. 1921ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಹಸುಳೆಗೆ ಮೊದಲ ಬಾರಿ ಈ ಲಸಿಕೆಯನ್ನು ಬಾಯಿಯ ಮೂಲಕ ಕೊಡಲಾಯಿತು. ಆ ಮಗುವಿನ ತಾಯಿ ಕ್ಷಯದಿಂದ ತೀರಿಕೊಂಡಿದ್ದಳು. ಸಾಕಬೇಕಾಗಿದ್ದ ಅಜ್ಜಿಗೂ ಕ್ಷಯವಿತ್ತು. ಮಗುವಿಗೆ ರೋಗ ಬರಲಿಲ್ಲ.

1930ರಲ್ಲಿ ಜರ್ಮನಿಯ ಲೂಬೆಕ್ ನಗರದಲ್ಲಿ ದೊಡ್ಡ ದುರಂತವಾಯಿತು. ಅಲ್ಲಿ ಲಸಿಕೆ ಕುಡಿಸಿದ ಸುಮಾರು 250 ಹಸುಳೆಗಳಲ್ಲಿ 70ಕ್ಕೂ ಹೆಚ್ಚು ಮಕ್ಕಳು ಕ್ಷಯದಿಂದ ಸತ್ತವು. ಇಡೀ ಯುರೋಪಿನ ಬೆರಳು ಕಾಲ್ಮೆಟ್ ಕಡೆಗೆ ತಿರುಗಿತು. ತನಿಖೆ ನಡೆದಾಗ ನಿಜ ಹೊರಬಂತು. ಪ್ಯಾರಿಸ್‌ನಿಂದ ಹೋದ ಬಿಸಿಜಿಯಲ್ಲಿ ದೋಷವಿರಲಿಲ್ಲ. ಲೂಬೆಕ್‌ನ ಪ್ರಯೋಗಾಲಯದಲ್ಲಿ ಲಸಿಕೆಗೆ ನಿಜವಾದ ಕ್ಷಯರೋಗಾಣು ಬೆರೆತುಹೋಗಿತ್ತು. 1932ರಲ್ಲಿ ಅಲ್ಲಿನ ಇಬ್ಬರು ವೈದ್ಯರಿಗೆ ಶಿಕ್ಷೆಯಾಯಿತು. ಕಾಲ್ಮೆಟ್ ನಿರ್ದೋಷಿ ಎಂದಾಯಿತು. ಆದರೆ ಆ ನೋವು ಅವರನ್ನು ಕುಗ್ಗಿಸಿತ್ತು. 1933ರ ಅಕ್ಟೋಬರ್ 29ರಂದು ಪ್ಯಾರಿಸ್‌ನಲ್ಲಿ ಅವರು ನಿಧನರಾದರು. ಅವರ ಲಸಿಕೆ ಮುಂದೆ ಕೋಟಿಗಟ್ಟಲೆ ಮಕ್ಕಳಿಗೆ ಸಿಕ್ಕಿತು. ಭಾರತದಲ್ಲಿ 1948ರಲ್ಲಿ ಶುರುವಾಯಿತು.

ಇವರ ಬದುಕು ಓದಿದಾಗ ನನಗೆ ಅರ್ಥವಾದದ್ದು ಇಷ್ಟು. ಮದ್ದು ಕಂಡುಹಿಡಿಯುವುದು ಅರ್ಧ ಕೆಲಸ ಮಾತ್ರ. ಸರಿಯಾದ ಮದ್ದು, ಸರಿಯಾದ ಕೈಯಿಂದ, ಸರಿಯಾದ ಹೊತ್ತಿಗೆ ರೋಗಿಗೆ ತಲುಪುವುದು ಉಳಿದ ಅರ್ಧ. ಮದ್ದು ಹಾವಿಗೆ ತಕ್ಕದ್ದಾಗಿರಬೇಕು ಎಂದು ಲ್ಯಾಂಬ್ ಅವರಂಥವರು ಕಲಿಸಿದರು. ತಯಾರಿಸುವ ಕೈ ಎಚ್ಚರವಾಗಿರಬೇಕು ಎಂದು ಲೂಬೆಕ್ ಕಲಿಸಿತು. ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು 15 ವರ್ಷದೊಳಗಿನ ಮಕ್ಕಳು. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಈಗ ಪ್ರತಿ ಕೇಸನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಎಲ್ಲಿ ಎಷ್ಟು ಕೇಸು ಎಂಬ ಲೆಕ್ಕ ಸಿಕ್ಕರೆ ಅಲ್ಲಿಗೆ ಅಷ್ಟು ಮದ್ದು ಕಳುಹಿಸಬಹುದು.

ಗೆಳೆಯ ಗೆಳತಿಯರೇ, ನಮ್ಮಲ್ಲಿ ಹಲವರು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಮನೆಯಲ್ಲಿ ಈ ಮಾತುಗಳನ್ನು ಹೇಳಿ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ಬಳೆ, ಗಡಿಯಾರ ತೆಗೆಯಬೇಕು. ಮೂಳೆ ಮುರಿದಾಗ ಮಾಡುವಂತೆ ಕೈಕಾಲಿಗೆ ಪಟ್ಟಿ ಇಟ್ಟು ಅಲುಗಾಡದಂತೆ ಮಾಡಬೇಕು. ನಡೆಸಬಾರದು. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬಾರದು, ಹಿಡಿಯಲೂ ಹೋಗಬಾರದು. 108ಕ್ಕೆ ಕರೆ ಮಾಡಬೇಕು, ಅದು ತಡವಾದರೆ ಸಿಕ್ಕಿದ ಗಾಡಿಯಲ್ಲೇ ಹೊರಡಬೇಕು. ಕೀಟನಾಶಕ ಅಥವಾ ಮಾತ್ರೆಯ ಕೇಸಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ಆ ಡಬ್ಬಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ಒಯ್ದು ಡಾಕ್ಟರ್‌ಗೆ ತೋರಿಸಬೇಕು. ಮತ್ತು ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಊರಿಗೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ಪ್ರತಿವಿಷ ಇದೆ, ರಾತ್ರಿ ಡಾಕ್ಟರ್ ಇರುತ್ತಾರೆಯೇ ಎಂದು ಕೇಳಿ ತಿಳಿದು, ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದಿಡಿ.