ಸತ್ಯನಿಷ್ಠ ಸಂಪಾದಕ ಆಗರಕರ

ಪ್ರತಿದಿನ ಮುಂಜಾನೆ ನಾವು ವೃತ್ತಪತ್ರಿಕೆಯನ್ನು ಓದುತ್ತೇವೆ. ಅಚ್ಚಾದುದೆಲ್ಲ ನಿಜವೆಂದೇ ನಂಬಿಬಿಡುತ್ತೇವೆ. ಆ ನಂಬಿಕೆಗೆ ಪಾತ್ರನಾಗಿ ಬಾಳುವುದು ಪತ್ರಕರ್ತನಿಗೆ ಎಷ್ಟು ಕಠಿನವೆಂಬುದನ್ನು ಗೋಪಾಳ ಗಣೇಶ ಆಗರಕರರ ಜೀವನದಿಂದ ನಾವು ಅರಿಯಬಹುದು.

ಆಗರಕರರು 1856ರ ಜುಲೈ 14ರಂದು ಸಾತಾರಾ ಜಿಲ್ಲೆಯ ಟೆಂಭೂ ಗ್ರಾಮದಲ್ಲಿ ಜನಿಸಿದರು. ಕಡುಬಡತನದಲ್ಲಿಯೇ ವಿದ್ಯೆಯನ್ನು ಸಂಪಾದಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅವರಿಗೆ ಬಾಳ ಗಂಗಾಧರ ಟಿಳಕರ ಸ್ನೇಹ ಲಭಿಸಿತು. ಸರಕಾರಿ ನೌಕರಿಯ ಆಸೆಯನ್ನು ತೊರೆದು ದೇಶಸೇವೆ ಮಾಡಬೇಕೆಂದು ಮಿತ್ರರಿಬ್ಬರೂ ನಿಶ್ಚಯಿಸಿದರು. 1881ರಲ್ಲಿ ಅವರ ಬಳಗವು ಮರಾಠಿಯಲ್ಲಿ ‘ಕೇಸರಿ’ಯನ್ನೂ ಇಂಗ್ಲಿಷಿನಲ್ಲಿ ‘ಮರಾಠಾ’ವನ್ನೂ ಆರಂಭಿಸಿತು. ಆಗರಕರರು ‘ಕೇಸರಿ’ಯ ಮೊದಲ ಸಂಪಾದಕರಾದರು.

ಆಗ ಕೊಲ್ಹಾಪುರದ ತರುಣ ಅರಸನು ದಿವಾಣ ಮಾಧವರಾವ ಬರ್ವೆಯವರಿಂದ ಹಿಂಸೆಗೊಳಗಾಗಿರುವನೆಂಬ ಸುದ್ದಿ ಹಬ್ಬಿತ್ತು. ಕೈಸೇರಿದ ಕೆಲವು ಪತ್ರಗಳನ್ನೇ ನಂಬಿ ಎರಡೂ ಪತ್ರಿಕೆಗಳು ದಿವಾಣರನ್ನು ಉಗ್ರವಾಗಿ ಖಂಡಿಸಿದವು. ದಿವಾಣರು ಮಾನಹಾನಿಯ ಮೊಕದ್ದಮೆ ಹೂಡಿದರು. ಆ ಪತ್ರಗಳು ಖೋಟಾ ಎಂದು ತಿಳಿದಾಗ ಮಿತ್ರರಿಬ್ಬರೂ ಕ್ಷಮೆ ಕೇಳಿದರು. ಆದರೂ 1882ರ ಜುಲೈಯಲ್ಲಿ ಅವರಿಗೆ 4 ತಿಂಗಳ ಸಾದಾ ಸಜೆಯಾಯಿತು. ನಮ್ಮ ಈ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ ಅವರು 101 ದಿನ ಕಳೆದರು. ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಬರೆದುದು ಸತ್ಯವಾಗುವುದಿಲ್ಲ. ಎದುರಾಳಿಯ ಮೇಲಿನ ಆರೋಪವನ್ನೂ ಒರೆಗೆ ಹಚ್ಚಿಯೇ ಬರೆಯಬೇಕು. ಇದು ಈ ಪ್ರಕರಣದಿಂದ ನಾವು ಕಲಿಯತಕ್ಕ ಪಾಠ.

ಇದಕ್ಕಿಂತ ಕಠಿನವಾದ ಪರೀಕ್ಷೆ ಸ್ವಪಕ್ಷದವರಿಂದಲೇ ಬಂದಿತು. ಬಾಲ್ಯವಿವಾಹವೂ ವಿಧವೆಯರ ಸಂಕಟವೂ ತೊಲಗಬೇಕೆಂದು ಆಗರಕರರು ಬರೆಯಬಯಸಿದರು. ರಾಜಕೀಯ ಸ್ವಾತಂತ್ರ್ಯ ಮೊದಲು, ಸಮಾಜಸುಧಾರಣೆ ಅನಂತರ ಎಂಬುದು ಟಿಳಕರ ಪಕ್ಷ. ತಮ್ಮವರ ಮನಸ್ಸನ್ನು ನೋಯಿಸಬಾರದೆಂದು ಆಗರಕರರು ಮೌನವಾಗಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1887ರಲ್ಲಿ ‘ಕೇಸರಿ’ಯನ್ನು ಬಿಟ್ಟರು; ಮರುವರ್ಷವೇ ‘ಸುಧಾರಕ’ವನ್ನು ಆರಂಭಿಸಿದರು. ಅದರ ಇಂಗ್ಲಿಷ್ ಭಾಗವನ್ನು ಗೋಪಾಳ ಕೃಷ್ಣ ಗೋಖಲೆಯವರು ನೋಡಿಕೊಂಡರು. ಪರಕೀಯ ಆಡಳಿತವನ್ನು ಟೀಕಿಸಿದಷ್ಟೇ ನಿರ್ಭಯವಾಗಿ ಆಗರಕರರು ಸ್ವಜನರ ದೋಷಗಳನ್ನೂ ಎತ್ತಿ ತೋರಿಸಿದರು. ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ 1891ರ ಕಾಯಿದೆಯನ್ನು ಟಿಳಕರು ವಿರೋಧಿಸಿದರು, ಆಗರಕರರು ಬೆಂಬಲಿಸಿದರು. ಸಿಟ್ಟಿಗೆದ್ದ ಸನಾತನಿಗಳು ಅವರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆಯನ್ನು ಹೊರಡಿಸಿದರು. ಆದರೂ ಅವರ ಲೇಖನಿ ನಿಲ್ಲಲಿಲ್ಲ.

1892ರಲ್ಲಿ ಅವರು ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾದರು. ಬಹುಕಾಲದ ಉಬ್ಬಸದಿಂದ ಬಳಲಿ, 39 ವರ್ಷ ತುಂಬುವ ಮೊದಲೇ, 1895ರ ಜೂನ್ 17ರಂದು ತೀರಿಕೊಂಡರು. ವರ್ಷಗಟ್ಟಲೆ ಅವರೊಡನೆ ವಾದಿಸಿದ ಟಿಳಕರೇ ‘ಕೇಸರಿ’ಯಲ್ಲಿ ಅವರ ಮರಣಲೇಖವನ್ನು ಬರೆದು ಗೌರವಿಸಿದರು.

ಪಕ್ಷವನ್ನು ಹಿಡಿಯುವುದು ತಪ್ಪಲ್ಲ. ಪಕ್ಷಕ್ಕಾಗಿ ಸತ್ಯವನ್ನು ಬಿಡುವುದು ತಪ್ಪು. ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ನಾಲ್ಕು ಸಾಲು ಬರೆಯುವಾಗಲೂ ನಾವು ಇದನ್ನು ನೆನೆಯೋಣ.